ನಾಲ್ಕನೆಯ ನಿಂಬೆಹಣ್ಣು

ಒಂದು ಕಾರು ಎಡವಿದರೆ ಉಳಿದ ಕಾರುಗಳೆಲ್ಲ ಎಚ್ಚರವಾಗುವಂತಿದ್ದರೆ ಹೇಗೆ? ಈ ಪ್ರಶ್ನೆ ಎದ್ದದ್ದು ಹುಬ್ಬಳ್ಳಿಯಲ್ಲಿ, ಗಿರಮಿಟ್ಟು ತಿನ್ನುತ್ತ ಕೂತಿದ್ದ ನಾಲ್ಕು ಜನರ ನಡುವೆ. ಆ ನಾಲ್ವರಲ್ಲಿ ನಾನೂ ಒಬ್ಬಳು. ಉತ್ತರ ಕಟ್ಟಲು ನಮಗೆ ಆರು ವರ್ಷ ಹಿಡಿಯಿತು. ಉತ್ತರದ ಹೆಸರು ಅಜ್ಜ.

ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿದೆ, ಯಾರೂ ಹೇಳುವುದಿಲ್ಲ. ನೋಡಲು ಕಪಾಟಿನಷ್ಟು ಎತ್ತರದ ಒಂದು ಗಣಕಯಂತ್ರ, ಅದಕ್ಕೊಂದು ಉಕ್ಕಿನ ಬಾಗಿಲು. ನಮ್ಮ ಮಲಪ್ರಭಾ ಮೋಟಾರ್ಸ್ ಕಂಪನಿಯ 'ಬೆಳವಲ' ಕಾರುಗಳು ರಾಜ್ಯದ ತುಂಬ ಐವತ್ತೆರಡು ಸಾವಿರ ಓಡುತ್ತಿದ್ದವು. ಪ್ರತಿ ಕಾರೂ ತನ್ನ ಎಂಜಿನ್ನಿನ ಸುಖದುಃಖವನ್ನು ಉಪಗ್ರಹದ ಮೂಲಕ ಅಜ್ಜನಿಗೆ ಹೇಳುತ್ತಿತ್ತು. ಅಜ್ಜ ಎಲ್ಲವನ್ನೂ ಕೇಳಿ, ಹೋಲಿಸಿ, ಎಲ್ಲಿ ದೋಷವಿದೆಯೆಂದು ತೀರ್ಮಾನಿಸಿ, ಹೊಸ ಅಪ್ಪಣೆ ಹೊರಡಿಸುತ್ತಿದ್ದ. ಕಳೆದ ಚಳಿಗಾಲದಲ್ಲಿ ಕೆಲಸಕ್ಕೆ ಕೂತವನು, ನಮ್ಮ ಅಪ್ಪಣೆಗೂ ಕಾಯುತ್ತಿರಲಿಲ್ಲ.

ನಾನು ಶಾರದಾ ಮುಳಗುಂದ, ಅಜ್ಜನ ನಿಯಂತ್ರಣ ಕೊಠಡಿಯಲ್ಲಿ ದೋಷ ವಿಭಾಗದ ಮುಖ್ಯಸ್ಥೆ. ಬೆಳವಲಕ್ಕೆ ಏನಾದರೂ ಆದರೆ ಮೊದಲು ಬೈಸಿಕೊಳ್ಳುವವಳು ನಾನು, ಮೊದಲು ಪತ್ತೆ ಹಚ್ಚುವವಳೂ ನಾನೇ. ಇದನ್ನು ಜಂಭ ಎನ್ನುವವರು ಎನ್ನಲಿ, ನನಗೇನೂ ಬೇಜಾರಿಲ್ಲ.

ಬೆಳವಲದ ಬಾನೆಟ್ಟಿನ ಕೆಳಗಿರುವುದು ಮೂರು ಸಿಲಿಂಡರಿನ, ಸಾವಿರದ ಇನ್ನೂರು ಸಿಸಿಯ ಟರ್ಬೊ ಪೆಟ್ರೋಲ್ ಎಂಜಿನ್ನು. ಅದಕ್ಕೆ ಬೆಲ್ಟಿನಿಂದ ಜೋಡಿಸಿದ ಒಂದು ಪುಟ್ಟ ವಿದ್ಯುತ್ ಮೋಟಾರು. ಮೋಟಾರಿಗೆ ಉಣಿಸಲು ಮುಂದಿನ ಸೀಟಿನ ಕೆಳಗೆ ನಲವತ್ತೆಂಟು ವೋಲ್ಟಿನ ಬ್ಯಾಟರಿ. ಇಂಥದ್ದಕ್ಕೆ ಮೈಲ್ಡ್ ಹೈಬ್ರಿಡ್ ಎನ್ನುತ್ತಾರೆ. ಮೋಟಾರೊಂದೇ ಕಾರನ್ನು ಓಡಿಸಲಾರದು. ಹುಲ್ಲಿನ ಹೊರೆ ಕಟ್ಟಿದವಳಿಗೆ ಅದನ್ನು ತಲೆಯ ಮೇಲೆ ಎತ್ತಿಕೊಡಲು ಇನ್ನೊಬ್ಬರು ಬೇಕಲ್ಲ, ಅದರ ಕೆಲಸ ಅಷ್ಟೇ. ಹೊತ್ತು ನಡೆಯುವುದು ಎಂಜಿನ್ನೇ. ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಮೋಟಾರು ಬ್ಯಾಟರಿಗೆ ತುಂಬುತ್ತದೆ, ಸಿಗ್ನಲ್ಲಿನಲ್ಲಿ ತಾನಾಗಿ ನಿಂತ ಎಂಜಿನ್ನನ್ನು ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಎಬ್ಬಿಸುತ್ತದೆ.

ಇದರ ಕಾಯಿಲೆಗಳೂ ನನಗೆ ಬಾಯಿಪಾಠ. ಸೀಟಿನ ಕೆಳಗಿನ ಗಾಳಿಯ ಜಾಲರಿಯಲ್ಲಿ ಧೂಳು, ಚುರುಮುರಿ ಸಿಕ್ಕಿ ಬ್ಯಾಟರಿ ಬಿಸಿಯಾಗುವುದು ಒಂದು. ಎಲ್ಲ ಕಾರಿನಲ್ಲಿರುವ ಆ ಹಳೆಯ ಹನ್ನೆರಡು ವೋಲ್ಟಿನ ಬ್ಯಾಟರಿ ಸೊರಗಿದರೆ ಎಂಜಿನ್ ತಾನಾಗಿ ನಿಲ್ಲುವುದನ್ನೇ ಮರೆತುಬಿಡುತ್ತದೆ, ಅದು ಇನ್ನೊಂದು. ಎಲ್ಲಕ್ಕಿಂತ ದೊಡ್ಡ ತಲೆನೋವು ಬೆಲ್ಟು. ಬೇರೆ ಕಾರಿನಲ್ಲಿ ಬೆಲ್ಟನ್ನು ಎಂಜಿನ್ ಎಳೆಯುತ್ತದೆ, ಮುಗಿಯಿತು. ನಮ್ಮದರಲ್ಲಿ ಒಮ್ಮೆ ಎಂಜಿನ್ ಎಳೆಯುತ್ತದೆ, ಒಮ್ಮೆ ಮೋಟಾರು ಎಳೆಯುತ್ತದೆ. ಎರಡೂ ಕಡೆ ಜಗ್ಗಾಡಿಸಿಕೊಂಡು ಬೆಲ್ಟು ಬೇಗ ಸವೆದು ಜಾರತೊಡಗುತ್ತದೆ.

ನಮ್ಮ ಮನೆಯಲ್ಲಿ ಕಾರು ಓಡಿಸುವವರು ಇಬ್ಬರು, ನಾನು ಮತ್ತು ನನ್ನ ಅತ್ತೆ ದ್ರಾಕ್ಷಾಯಣವ್ವ. ನನ್ನ ಗಂಡ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವ ಪೈಕಿ. ಅತ್ತೆ ಅರವತ್ತು ದಾಟಿದ ಮೇಲೆ ಸ್ಟಿಯರಿಂಗ್ ಹಿಡಿದರು. ಈ ಮಳೆಗಾಲದಲ್ಲಿ ಕೊಂಡ ಅವರ ಬೂದುಬಣ್ಣದ ಬೆಳವಲ ಸಿಗ್ನಲ್ಲಿನಲ್ಲಿ ತೆಪ್ಪಗೆ ನಿಂತಾಗ, "ನೋಡು, ಬಾಯಿ ಮುಚ್ಚಿ ನಿಂದರತೈತಿ, ನಿಮ್ಮಂಗಲ್ಲ" ಎಂದು ನಮ್ಮನ್ನೇ ಚುಚ್ಚುತ್ತಿದ್ದರು. ಆ ಕಾರಿನದೊಂದು ವಿಚಿತ್ರವಿತ್ತು. ಬೆಲ್ಟ್ ಜಾರುತ್ತಿದೆ ಎಂದು ಅಜ್ಜ ಮೂರು ಸಲ ಹೇಳಿದ್ದ, ಸರ್ವಿಸ್ ಸೆಂಟರಿನವರು ಮೂರು ಸಲ ಹೊಸದು ಹಾಕಿದ್ದರು. ಬಿಚ್ಚಿದ ಬೆಲ್ಟುಗಳನ್ನು ನಾನು ಇಸಿದುಕೊಂಡು ಆಫೀಸಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಮೂರರಲ್ಲೂ ಒಂದು ಗೀರಿರಲಿಲ್ಲ. ನನಗೆ ಬಗೆಹರಿಯದೆ ಉಳಿದ ಕೇಸು ಅದೊಂದೇ, ಅದೂ ನಮ್ಮ ಮನೆಯದೇ.

ಖಂಡೇನವಮಿಯ ದಿನ ಬೆಳಿಗ್ಗೆ ಅತ್ತೆ ಕಾರು ತೊಳೆದು, ವಿಭೂತಿ ಪಟ್ಟೆ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ನಾಲ್ಕು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಆಮೇಲೆ ಸೆರಗು ಬಿಗಿದು ಒಳಗೆ ಕೂತು ಕಾರನ್ನು ಮೆಲ್ಲಗೆ ಮುಂದೆ ಬಿಟ್ಟರು. ಪಟಕ್ ಎಂದು ನಾಲ್ಕೂ ಒಡೆದವು.

"ಪ್ರತಿ ಅಮಾಸಿಗೂ ಇದ ನಡಸೀರಿ. ಲಿಂಬಿಹಣ್ಣಿಗೆ ಎಂಜಿನ್ ಚಲೋ ಆಗತೈತೇನ್ರಿ ಅತ್ತಿ?" ಎಂದು ಕೆಣಕಿದೆ.

"ಎಂಜಿನ್ ನೋಡ್ಕೊಳ್ಳಾಕ ನೀ ಅದಿಯಲ್ಲ. ಇದು ಒಳಗ ಕುಂದರೋರ ಸಲುವಾಗಿ," ಎಂದರು. "ನಾಳೆ ನೀಲಾನ್ನ ಕರಕೊಂಡು ಬರಬೇಕು. ನಾಕು ಹಣ್ಣು ತಗದಿಟ್ಟೇನಿ ಮತ್ತ."

ನೀಲಾ ನನ್ನ ನಾದಿನಿ, ಅಂಕೋಲೆಯಲ್ಲಿ ಗಂಡನ ಮನೆಯಲ್ಲಿದ್ದಳು. ಒಂಬತ್ತರಲ್ಲಿ ಬಿದ್ದಿತ್ತು, ಚೊಚ್ಚಲು, ಹೆರಿಗೆ ತವರಿನಲ್ಲೇ ಆಗಬೇಕು. ವಿಜಯದಶಮಿಗೆ ಪಂಚಾಂಗ ನೋಡಬೇಕಾಗಿಲ್ಲ ಎಂದು ಅತ್ತೆ ಆ ದಿನವನ್ನೇ ಗೊತ್ತುಮಾಡಿದ್ದರು. ಬರುವಾಗ ಅರಬೈಲ್ ಘಟ್ಟ ಏರಬೇಕು. ಘಟ್ಟದ ಬುಡದ ಹನುಮಪ್ಪನಿಗೆ ಇಳಿಯುವಾಗ ಕೈ ಮುಗಿದರೆ ಸಾಕು, ಏರುವಾಗ ಮಾತ್ರ ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟೇ ಹೊರಡಬೇಕು. ಇದು ಅತ್ತೆಯ ಕಾಯ್ದೆ. ಮರುದಿನ ನಸುಕಿನಲ್ಲಿ ನಾನು ಅಡಿಗೆಕಟ್ಟೆಯ ಮೇಲೆ ಕೈಗೆ ಸಿಕ್ಕ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲಸಿ ಬುತ್ತಿ ಕಟ್ಟಿದೆ. ಅತ್ತೆ ಚೀಲ ಹೆಗಲಿಗೇರಿಸಿ, "ಹೋಗಿ ಬರ್ತೇನಿ" ಎಂದು ಹೊರಟರು.

ನಾನು ಕೊಠಡಿಗೆ ಬಂದಾಗ ನಮ್ಮ ಮೇಲಧಿಕಾರಿ ಸಿರಸಂಗಿಯವರು ಪರದೆಯ ಮುಂದೆ ನಿಂತಿದ್ದರು. ಅಜ್ಜ ರಾತ್ರಿಯೇ ತೀರ್ಪು ಕೊಟ್ಟು ಮುಗಿಸಿದ್ದ: "ಮೂವತ್ತೆಂಟು ಸಾವಿರ ಕಾರುಗಳಲ್ಲಿ ಬೆಲ್ಟ್ ಜಾರಿಕೆ. ಮೋಟಾರಿನ ನೆರವು ನಿಲ್ಲಿಸಿದ್ದೇನೆ. ಬೆಲ್ಟ್ ಬದಲಾಯಿಸಿ."

"ಒಂದ ದಿನದಾಗ ಮೂವತ್ತೆಂಟು ಸಾವಿರ ಬೆಲ್ಟ್ ಹೆಂಗ ಕೆಡತಾವ್ರಿ ಸರ್?" ಎಂದೆ.

"ಮಾಲೇ ಖರಾಬ್ ಬಂದಿರಬೇಕು," ಎಂದರು ಸಿರಸಂಗಿ. "ಅದ ಬೆಲ್ಟು ನೀರಿನ ಪಂಪನ್ನೂ ತಿರುಗಸತೈತಿ, ನೆನಪೈತಿಲ್ಲೋ? ದಾರ್ಯಾಗ ಹರಿದ್ರ ಎಂಜಿನ್ ಕುದ್ದು ಕುಂದರತೈತಿ. ಅಜ್ಜ ಮಾಡಿದ್ದು ಬರೋಬ್ಬರಿ ಐತಿ."

ಅವರ ಮಾತು ಸುಳ್ಳಲ್ಲ. ಸಿರಸಂಗಿಯವರು ಸುಮ್ಮನೆ ಗೋಣು ಹಾಕುವ ಮನುಷ್ಯರೂ ಅಲ್ಲ. ನಾನು ನನ್ನ ಜಾಗದಲ್ಲಿ ಕೂತು ಒಂದೊಂದೇ ಕಾರಿನ ಗ್ರಾಫಿನ ಗೆರೆ ತೆಗೆದು ನೋಡತೊಡಗಿದೆ. ಎಲ್ಲದರಲ್ಲೂ ಒಂದೇ ಕಥೆ. ಮೋಟಾರಿನ ಮೇಲೆ ಭಾರ ಏರಿದೆ, ಥಟ್ಟನೆ ಇಲ್ಲವಾಗಿದೆ, ಮೋಟಾರು ಒಂದು ಕ್ಷಣ ಹಿಡಿತ ತಪ್ಪಿದಂತೆ ಓಡಿದೆ. ಬೆಲ್ಟ್ ಜಾರಿದರೆ ಹೀಗೇ ಆಗುವುದು. ಆದರೆ ಪ್ರತಿ ಕಾರಿನಲ್ಲೂ ಒಂದೇ ಸಲ ಆಗಿದೆ, ಅದೂ ನಿಂತ ಜಾಗದಿಂದ ಮೊದಲು ಹೊರಟಾಗ. ಸವೆದ ಬೆಲ್ಟು ಒಂದು ಸಲ ಜಾರಿ ಸುಮ್ಮನಾಗುತ್ತದೆಯೇ?

ಮಧ್ಯಾಹ್ನ ಒಂದು ಫೋನು ಬಂತು. ನೃಪತುಂಗ ಬೆಟ್ಟ ಹತ್ತುತ್ತಿದ್ದ ಒಬ್ಬರ ಬೆಳವಲ ನಡುದಾರಿಯಲ್ಲಿ ಹಿಂದೆ ಸರಿದು, ಅಲ್ಲಿ ನಿಂತಿದ್ದ ಸ್ಕೂಟರಿಗೆ ತಾಗಿತ್ತು. "ನಿಮ್ಮ ಕಂಪನಿ ಮುಚ್ಚಿಸ್ತೇನಿ!" ಎಂದು ಅವರು ಕೂಗಾಡುತ್ತಿದ್ದರೆ, ನನಗೆ ಆಗಿದ್ದೇನೆಂಬುದು ಕಣ್ಣಿಗೆ ಕಟ್ಟಿತು. ಏರಿನಲ್ಲಿ ನಿಂತಾಗ ಎಂಜಿನ್ ತಾನಾಗಿ ಆರುತ್ತದೆ. ಬ್ರೇಕಿನಿಂದ ಕಾಲು ತೆಗೆದ ಮೇಲೂ ಕಾರು ತಾನೇ ಎರಡು ಸೆಕೆಂಡು ಚಕ್ರ ಹಿಡಿದುಕೊಳ್ಳುತ್ತದೆ, ಅಷ್ಟರಲ್ಲಿ ಮೋಟಾರು ಎಂಜಿನ್ನನ್ನು ಎಬ್ಬಿಸಿ ಮೇಲಕ್ಕೆ ಎತ್ತಿಕೊಡಬೇಕು. ಮೋಟಾರಿಗೇ ಅಜ್ಜ ಬೀಗ ಹಾಕಿದ್ದ. ಹಳೆಯ ಸ್ಟಾರ್ಟರು ಎಂಜಿನ್ ಎಬ್ಬಿಸುವಷ್ಟರಲ್ಲಿ ಎರಡು ಸೆಕೆಂಡು ಮುಗಿದು ಚಕ್ರ ಬಿಟ್ಟುಹೋಗುತ್ತದೆ. ಅಜ್ಜ ಬೆಲ್ಟಿನ ಯೋಚನೆ ಮಾಡಿದ್ದ, ಏರಿನ ಯೋಚನೆ ಮಾಡಿರಲಿಲ್ಲ.

ನೃಪತುಂಗ ಬೆಟ್ಟದಲ್ಲಿ ಹಿಂದೆ ಸ್ಕೂಟರ್ ಇತ್ತು. ಅರಬೈಲ್ ಘಟ್ಟದಲ್ಲಿ ಹಿಂದೆ ಲಾರಿ ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ.

ನಕಾಶೆಯ ಮೇಲೆ ಅತ್ತೆಯ ಕಾರು ಹುಡುಕಿದೆ. ಅಂಕೋಲೆ ಬಿಟ್ಟು ಘಟ್ಟದ ಕಡೆ ಬರುತ್ತಿತ್ತು. ಫೋನು ಮಾಡಿದೆ, ಆ ಕಾಡಿನ ದಾರಿಯಲ್ಲಿ ಸಿಗ್ನಲ್ ಇಲ್ಲ. ನೀಲಾಳದೂ ಹತ್ತಲಿಲ್ಲ. ಉಪಗ್ರಹದ ದಾರಿಯಲ್ಲಿ ಎಂಜಿನ್ನಿಗೆ ಅಪ್ಪಣೆ ಕಳಿಸಬಹುದೇ ಹೊರತು ಮನುಷ್ಯರಿಗೆ ಒಂದು ಮಾತು ಕಳಿಸುವಂತಿಲ್ಲ. ಆ ಸೌಕರ್ಯವೂ ಬೇಕು ಎಂದು ಎರಡು ಸಲ ಬರೆದುಕೊಟ್ಟವಳು ನಾನು. ಸಿರಸಂಗಿಯವರ ಕಡೆ ತಿರುಗಿದೆ.

"ಸರ್, ಅಪ್ಪಣೆ ಹಿಂದ ತಗೋರಿ. ಘಟ್ಟದಾಗ ನಮ್ಮ ಅತ್ತಿ ಅದಾರ, ಬಸುರಿ ಮಗಳು ಅದಾಳ."

ಸಿರಸಂಗಿಯವರ ಮುಖ ಇಳಿಯಿತು. "ಶಾರದಾ, ಬೆಲ್ಟ್ ಖರೇನ ಜಾರಾಕತ್ತಿದ್ರ? ಮೋಟಾರ್ ಜಗ್ಗಿ ಬೆಲ್ಟ್ ಹರಿದ್ರ ಅದ ಘಟ್ಟದಾಗ ಎಂಜಿನ್ ಕುದೀತೈತಿ. ಒಂದು ಗಾಡಿ ಅಲ್ಲ, ಮೂವತ್ತೆಂಟು ಸಾವಿರ. ಬೆಲ್ಟ್ ಚಲೋ ಅದಾವು ಅಂತ ತೋರಸು, ಈಗಿಂದೀಗ ತಗೀತೇನಿ."

ಡ್ರಾಯರ್ ಎಳೆದು ಅತ್ತೆಯ ಮೂರು ಬೆಲ್ಟುಗಳನ್ನು ಮೇಜಿನ ಮೇಲೆ ಎಸೆದೆ. ಮೂರೂ ಜಾರಿವೆಯೆಂದು ಅಜ್ಜ ಹೇಳಿದ್ದ, ಮೂರೂ ಹೊಸದರಂತಿದ್ದವು. ಯಾವ ಯಾವ ದಿನ ಹೇಳಿದ್ದ ಎಂದು ಪರದೆಯಲ್ಲಿ ತೆಗೆದೆ. ಮೂರು ತಾರೀಖುಗಳೂ ತಿಂಗಳಿಗೊಂದರಂತೆ ಇದ್ದವು. ಯೋಚಿಸುತ್ತ ತಲೆ ಎತ್ತಿದರೆ ಎದುರಿಗೇ ಅಜ್ಜ. ಹಿಂದಿನ ದಿನ ನಮ್ಮವರೇ ಅವನ ಉಕ್ಕಿನ ಬಾಗಿಲಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೊಂದು ತಟ್ಟೆಯಲ್ಲಿ ಕೊಬ್ಬರಿ, ನಿಂಬೆಹಣ್ಣು ಇಟ್ಟಿದ್ದರು. ತಟ್ಟೆ ನೋಡಿದ್ದೇ ತಡ, ಪಟಕ್ ಎಂಬ ಸದ್ದು ಕಿವಿಯಲ್ಲಿ ಕೇಳಿಸಿತು. ಆ ಮೂರೂ ತಾರೀಖು ಅಮಾವಾಸ್ಯೆ!

"ಸರ್, ನಿನ್ನೆ ನಿಮ್ಮ ಗಾಡಿ ಗಾಲಿಗೆ ಲಿಂಬಿಹಣ್ಣು ಇಟ್ರೇನು?"

"ಇದೇನು ಕೇಳ್ತೀ? ಖಂಡೇನವಮಿಗೆ ಇಡಲಾರದ ಬಿಡ್ತೇವೇನು?"

"ಮಖ್ತುಂ, ನೀವು?"

ಪರೀಕ್ಷೆಯ ಕಾರು ಓಡಿಸುವ ಮಖ್ತುಂಸಾಬ ನದಾಫ್ ನಕ್ಕರು. "ನಾನೂ ಇಟ್ಟೇನ್ರಿ ಮೇಡಂರ. ಗಾಡಿ ಅನ್ನ ಕೊಡತೈತಿ, ಅದಕ್ಕ ವರ್ಷಕ್ಕೊಮ್ಮೆ ಪೂಜಿ ಬ್ಯಾಡೇನ್ರಿ?"

ನಾವೆಲ್ಲರೂ ಇಟ್ಟಿದ್ದೆವು. ಅಜ್ಜನನ್ನು ಕಟ್ಟಿದವರು, ಅಜ್ಜನಿಗೆ ರಸ್ತೆಯ ಗುಂಡಿ, ಹಂಪು, ಕೆಸರು, ಮಳೆ ಎಲ್ಲ ಕಲಿಸಿದವರು, ನಾವೇ ನಮ್ಮ ಕೈಯಾರೆ ನಿಂಬೆಹಣ್ಣು ಇಟ್ಟು ಕಾರು ಹಾಯಿಸಿದ್ದೆವು. ಒಬ್ಬರಿಗೂ ಹೊಳೆಯಲಿಲ್ಲ, ಯಾಕೆಂದರೆ ಪೂಜೆಯನ್ನು ನಾವು ಯಾರೂ ಕಾರು ಓಡಿಸುವ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಜ್ಜನಿಗೆ ಇದು ಮೊದಲ ಖಂಡೇನವಮಿ. ನಿಂಬೆಹಣ್ಣು ಚಕ್ರವನ್ನು ತಡೆದಿದೆ, ಮೋಟಾರು ಭುಜ ಕೊಟ್ಟಿದೆ, ಹಣ್ಣು ಒಡೆದು ಭಾರ ಥಟ್ಟನೆ ಇಲ್ಲವಾಗಿದೆ. ಪಾಪ, ಮುದುಕ ಬೆಲ್ಟ್ ಜಾರಿತು ಎಂದುಕೊಂಡಿದ್ದಾನೆ.

"ನಡೀರಿ ಕೆಳಗ!" ಎಂದು ತಟ್ಟೆಯಿಂದ ನಾಲ್ಕು ಹಣ್ಣು ಬಾಚಿಕೊಂಡು ಓಡಿದೆ. ಅಂಗಳದಲ್ಲಿ ಪರೀಕ್ಷೆಯ ಕಾರು ನಿಂತಿತ್ತು, ಬೆಳಿಗ್ಗೆಯಷ್ಟೇ ಹೊಸ ಬೆಲ್ಟು ಹಾಕಿಸಿಕೊಂಡಿತ್ತು. ಹಾಗಾಗಿ ಮೋಟಾರಿಗೆ ಬೀಗವಿಲ್ಲದ ಕಾರು ನಮ್ಮಲ್ಲಿ ಅದೊಂದೇ. ನಾಲ್ಕು ಗಾಲಿಗೂ ಹಣ್ಣು ಇಟ್ಟೆ. ಮಖ್ತುಂ ಕೂತು ಮೆಲ್ಲಗೆ ಬಿಟ್ಟರು. ಪಟಕ್. ಸಿರಸಂಗಿಯವರ ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಮೇಲೆ ಅಜ್ಜನ ಸಾಲು ಮೂಡಿತು: "ಪರೀಕ್ಷಾ ಕಾರು: ಬೆಲ್ಟ್ ಜಾರಿಕೆ."

"ಅಯ್ಯ ಇವನಪ್ಪನ!" ಎಂದರು ಸಿರಸಂಗಿ. ಅಂಥ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹೋಗಿ ಅಪ್ಪಣೆ ಹಿಂತೆಗೆದರು. ನಾನು ಅಜ್ಜನಿಗೆ ಹೊಸ ಗುರುತು ಕಲಿಸಿದೆ. ಮೊದಲ ಹೊರಡುವಿಕೆ, ನಾಲ್ಕೂ ಗಾಲಿಗೆ ಒಟ್ಟಿಗೇ ತಡೆ, ಒಟ್ಟಿಗೇ ಬಿಡುಗಡೆ. ಹೆಸರಿನ ಜಾಗದಲ್ಲಿ 'ಪೂಜೆ' ಎಂದು ಬರೆದೆ.

ಆದರೆ ಕಳಿಸಿದ ಅಪ್ಪಣೆಯನ್ನು ಕಾರು ಓಡುತ್ತಿರುವಾಗ ತೆಗೆದುಕೊಳ್ಳುವುದಿಲ್ಲ. ಎಂಜಿನ್ ಪೂರ್ತಿ ಆರಿಸಿ ಹತ್ತು ನಿಮಿಷ ನಿಂತರೆ ಮಾತ್ರ ಒಳಗೆ ಬರೆದುಕೊಳ್ಳುತ್ತದೆ. ಓಡುವ ಎಂಜಿನ್ನಿನ ಬುದ್ಧಿ ಬದಲಿಸಬಾರದು ಎಂದು ನಾವೇ ಹಾಕಿದ ನಿಯಮ. ನಕಾಶೆ ನೋಡಿದೆ. ಅತ್ತೆಯ ಕಾರು ಘಟ್ಟದ ಬುಡದಲ್ಲಿ, ಹನುಮಪ್ಪನ ಗುಡಿಯ ಮುಂದೆ ನಿಂತಿತ್ತು. ಎಂಜಿನ್ ಆರಿ ಆಗಲೇ ಏಳು ನಿಮಿಷವಾಗಿತ್ತು. ನಮ್ಮ ಅಪ್ಪಣೆ ತಲುಪಿದ್ದು ಈಗ. ಇನ್ನೂ ಹತ್ತು ನಿಮಿಷ ಅವರು ಅಲ್ಲೇ ನಿಲ್ಲಬೇಕು.

"ಪೂಜಿಗೆ ಎಷ್ಟು ಹೊತ್ತು ಹಿಡೀತೈತಿ?" ಎಂದು ಸಿರಸಂಗಿ ಕೇಳಿದರು.

"ಹೆಚ್ಚಂದ್ರ ಹತ್ತು-ಹನ್ನೆರಡು ನಿಮಿಷ. ಕಾಯಿ, ಆರತಿ, ಲಿಂಬಿಹಣ್ಣು, ಹೊರಟ್ರು. ನಮ್ಮ ಅತ್ತಿ ದೇವರ ಮುಂದೂ ಗಡಿಬಿಡಿಯಾಕಿ."

ಮೂವರೂ ಆ ಚುಕ್ಕಿಯನ್ನೇ ನೋಡುತ್ತ ನಿಂತೆವು. ಅಷ್ಟು ಹೊತ್ತೂ ಇದ್ದ ನನ್ನ ಧೈರ್ಯ ಎಲ್ಲಿ ಹೋಯಿತೋ. ಇಡೀ ರಾಜ್ಯದ ಬೆಳವಲಗಳ ರೋಗ ಪತ್ತೆ ಹಚ್ಚಿದವಳು, ಅತ್ತೆಗೆ 'ಒಂದೀಟು ತಡೀರಿ' ಎಂದು ಹೇಳಲಾರದೆ ಕೈಕೈ ಹೊಸಕಿಕೊಳ್ಳುತ್ತಿದ್ದೆ. ಕಾರು ನಿಂತು ಹತ್ತು ನಿಮಿಷ ಕಳೆಯಿತು. ಹನ್ನೆರಡು. ಇನ್ನೇನು ಹೊರಡುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಚುಕ್ಕಿ ಅಲ್ಲೇ ಇತ್ತು. ಹದಿನಾಲ್ಕು. ಮಖ್ತುಂ ಸಣ್ಣ ದನಿಯಲ್ಲಿ ಏನೋ ಪ್ರಾರ್ಥಿಸುತ್ತಿದ್ದರು. ಹದಿನಾರೂ ದಾಟಿತು. ಕಾರಿನ ಹೆಸರಿನ ಮುಂದೆ ಹಳದಿ ಹೋಗಿ ಹಸಿರು ಬಂತು. ಅಪ್ಪಣೆ ಒಳಗೆ ಇಳಿದಿತ್ತು.

ಅದರ ಬೆನ್ನಿಗೇ ಎಂಜಿನ್ ಶುರುವಾಯಿತು. ಚುಕ್ಕಿ ಅಲುಗಿತು. ಅಜ್ಜ ಒಂದು ಸಾಲು ಬರೆದ: "ಪೂಜೆ ಆಗಿದೆ. ಮೋಟಾರು ನೆರವಿಗೆ ಸಿದ್ಧ."

ಘಟ್ಟದ ನಡುವೆ ಒಂದು ತಿರುವಿನಲ್ಲಿ ಚುಕ್ಕಿ ನಿಂತಿತು. ಮುಂದೆ ಲಾರಿ ನಿಂತಿರಬೇಕು. ಎಂಜಿನ್ ಆರಿತು. ಮೂವರೂ ಪರದೆಯ ಹತ್ತಿರ ಬಾಗಿದೆವು. ಮತ್ತೆ ಹೊತ್ತಿಕೊಂಡಿತು, ಮೋಟಾರಿನ ಗೆರೆ ಜಿಗ್ಗನೆ ಮೇಲೆದ್ದಿತು, ಕಾರು ಒಂದು ಗೇಣೂ ಹಿಂದೆ ಸರಿಯದೆ ಮುಂದೆ ಹೋಯಿತು. ನಾನು ಕುರ್ಚಿಯಲ್ಲಿ ಕುಸಿದು ಗೊಳೋ ಎಂದು ಅತ್ತುಬಿಟ್ಟೆ. ಸಿರಸಂಗಿಯವರು ಏನು ಮಾಡಬೇಕೆಂದು ತಿಳಿಯದೆ ತಟ್ಟೆಯಲ್ಲಿ ಉಳಿದಿದ್ದ ಕೊಬ್ಬರಿ ಚೂರು ತಂದುಕೊಟ್ಟರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾರು ಮನೆಯ ಮುಂದೆ ಬಂದು ನಿಂತಿತು. ನೀಲಾ ಸೊಂಟ ಹಿಡಿದುಕೊಂಡು ಇಳಿದು, "ವೈನಿ, ಹಸಿವ್ಯಾಗೇತಿ" ಎಂದಳು. ಅವಳನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. ಆಮೇಲೆ ಬನ್ನಿ ಎಲೆ ಹಿಡಿದು ಅತ್ತೆಯ ಕಾಲಿಗೆ ಬಿದ್ದೆ. "ಬಂಗಾರದಂಗ ಇರು," ಎಂದರು ಅತ್ತೆ. ತಲೆಯ ಮೇಲಿಟ್ಟ ಕೈ ತೆಗೆಯುವ ಮೊದಲೇ ದನಿ ಏರಿತು.

"ಏನು ಶಾರದಾ, ನಾಕು ಲಿಂಬಿಹಣ್ಣು ತಗದಿಟ್ಟೇನಿ ಅಂತ ಹೇಳಿದ್ನಿಲ್ಲೋ? ಗುಡಿ ಮುಂದ ಚೀಲ ತಗದ್ರ ಮೂರ ಅದಾವು! ಎಲ್ಲಿ ಹೋತು ಇನ್ನೊಂದು?"

"ಚಿತ್ರಾನ್ನಕ್ಕ ಹಿಂಡಿದ್ನಿರಿ ಅತ್ತಿ," ಎಂದೆ.

"ಮೂರು ಗಾಲಿಗೆ ಇಟ್ಟು ಒಂದು ಗಾಲಿ ಬಿಟ್ಟು ಘಟ್ಟ ಹತ್ತಲೇನು, ಬಸುರಿ ಹೆಣ್ಮಗಳನ್ನ ಕುಂಡ್ರಿಸಿಕೊಂಡು? ಆ ಒಂದು ಹಣ್ಣಿನ ಸಲುವಾಗಿ ಕೆಳಗಿನ ಚಾದಂಗಡಿತನಕಾ ನಡಕೊಂಡು ಹೋಗಿ ಬಂದೆ, ಬಿಸಿಲಾಗ! ನೀಲಾ ಗಾಡ್ಯಾಗ ಒಬ್ಬಾಕಿನ ಕುಂತಾಳ. ಎಷ್ಟೊತ್ತು ಹೋತು, ಗೊತ್ತೈತೇನು ನಿನಗ?"

"ಗೊತ್ತೈತ್ರಿ ಅತ್ತಿ," ಎಂದೆ. ಕಾಲು ಬಿಡದೆ ಅಲ್ಲೇ ಕೂತಿದ್ದೆ. "ಹದಿನೇಳು ನಿಮಿಷ."